ಎಂಟು ಗೆರೆ ಬಿಸಿಲು

ನಮ್ಮೂರಿಗೆ ಬಿಸಿಲು ಬರುವುದು ಶಾಲೆಯಿಂದ. ಮಗು ಇವತ್ತು ಒಂದು ಒಳ್ಳೆಯ ಕೆಲಸ ಮಾಡಿ ಅದು ಟೀಚರ ಕಣ್ಣಿಗೆ ಬಿದ್ದರೆ, ಬಿಸಿಲ ಹಲಗೆಯ ಮೇಲೆ ಅದರ ಹೆಸರಿನ ಮುಂದೆ ಸೀಮೆಸುಣ್ಣದ ಒಂದು ಗೆರೆ. ನಾಳೆ ಆ ಮನೆಯ ಮೇಲೆ ಅರ್ಧ ಗಂಟೆ ಬಿಸಿಲು. ಎರಡು ಗೆರೆಗೆ ಒಂದು ಗಂಟೆ. ಗೆರೆಯಿಲ್ಲದ ಮನೆಗೆ ಬರಿಯ ಬೆಳಕು, ಒದ್ದೆ ಸ್ಲೇಟಿನ ಬಣ್ಣದ್ದು. ಓಡಾಡಲು ಸಾಕು, ಏನನ್ನೂ ಒಣಗಿಸಲು ಸಾಲದು. ಭಾನುವಾರ ಶಾಲೆಯಿಲ್ಲವಾದ್ದರಿಂದ ಸೋಮವಾರ ಇಡೀ ಊರು ಮಂಕು. ಬೇಸಿಗೆ ರಜೆ ಬಂತೆಂದರೆ ಊರಿಗೆ ಊರೇ ಎರಡು ತಿಂಗಳು ಮೂಗು ಸೊರಗುಟ್ಟಿಸುತ್ತದೆ.

ಮಕ್ಕಳಿಲ್ಲದವರು ಮಕ್ಕಳಿರುವವರ ಅಂಗಳಕ್ಕೆ ಒದ್ದೆ ಬಟ್ಟೆ ತರುತ್ತಾರೆ. ಮುದುಕರು ಯಾವ ಮನೆಯ ಮಗು ನಿನ್ನೆ ಒಳ್ಳೆಯದಾಗಿತ್ತೋ ಆ ಮನೆಯ ಜಗುಲಿ ಹುಡುಕಿಕೊಂಡು ಹೋಗಿ ಬೆನ್ನು ಕಾಯಿಸುತ್ತಾರೆ. ಯಾರ ಮಗು ಹೇಗೆ ಎಂದು ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ತಲೆಯೆತ್ತಿ ಮಾಳಿಗೆ ನೋಡಿದರಾಯಿತು.

ನನ್ನ ಕೆಲಸ ಶಾವಿಗೆಯದು. ಬೆಳಗಿನ ನಾಲ್ಕಕ್ಕೆ ಎದ್ದು ಹಿಟ್ಟು ನಾದಿ, ಕೈಮಿಷನ್ನಿನಲ್ಲಿ ತಿರುವಿ, ಎಳೆಗಳನ್ನು ಬಿದಿರ ಗಳದ ಮೇಲೆ ಇಳಿಬಿಟ್ಟು ಮಾಳಿಗೆಗೆ ಒಯ್ಯುತ್ತೇನೆ. ಗಂಡ ಲಾರಿ ಹತ್ತಿದರೆ ಹದಿನೈದು ದಿನಕ್ಕೊಮ್ಮೆ ಮನೆ. ಶಾವಿಗೆ ಒಣಗಲು ಮೂರು ಗಂಟೆ ಬಿಸಿಲು ಬೇಕು, ಎಂದರೆ ಆರು ಗೆರೆ. ಇಲ್ಲದಿದ್ದರೆ ಹುಳಿ ವಾಸನೆ, ಮೂರನೇ ದಿನಕ್ಕೆ ಬೂಷ್ಟು. ನನ್ನ ಮಗಳು ತುಂಗಾ ಆರನೇ ಕ್ಲಾಸು. ದಸರೆಯವರೆಗೂ ಅವಳು ತರುತ್ತಿದ್ದದ್ದು ದಿನಕ್ಕೆ ಒಂದು ಗೆರೆ, ಹೆಚ್ಚೆಂದರೆ ಎರಡು. ನಾನು ಅರ್ಧ ಮಾಲನ್ನು ಒಲೆಯ ಮೇಲೆ ಕಟ್ಟಿ ಒಣಗಿಸುತ್ತಿದ್ದೆ. ಹೊಗೆ ವಾಸನೆ ಎಂದು ಕೊಂಡವರೆಲ್ಲ ಮೂಗು ಮುರಿಯುತ್ತಿದ್ದರು.

ದಸರೆ ರಜೆ ಮುಗಿದದ್ದೇ ತುಂಗಾ ಆರು ಗೆರೆ ತಂದಳು. ಮರುದಿನ ಏಳು. ಆಮೇಲೆ ಆರಕ್ಕೆ ಕಡಿಮೆಯೇ ಇಲ್ಲ. ಎದುರು ಮನೆಯ ರಂಗಜ್ಜಿ ದಿನಾ ಬೆಳಿಗ್ಗೆ ನಮ್ಮ ಜಗುಲಿಗೆ ಬಂದು ಕಾಲು ಚಾಚತೊಡಗಿದಳು.

"ಏನೇ ಅಂಬಕ್ಕ, ನಿನ್ನ ಮಗಳು ನಿನ್ನೆ ಯಾವ ಗುಡ್ಡ ಕಡಿದು ಹಾಕಿದ್ಲೇ? ಹನ್ನೆರಡಾದ್ರೂ ಬಿಸಿಲು ಅಲ್ಲಾಡ್ತಿಲ್ಲ."

"ಯಾರಿಗೆ ಗೊತ್ತಜ್ಜಿ."

"ಹೆತ್ತೋಳಿಗೇ ಗೊತ್ತಿಲ್ವಾ? ಚೆನ್ನಾಗಿದೆ. ಇರ್ಲಿ ಬಿಡು, ನನ್ನ ಮಂಡಿಗಂತೂ ಪುಣ್ಯ ಬಂತು."

ಖುಷಿಪಡಬೇಕಿತ್ತು. ಆಗಲಿಲ್ಲ. ಶಾವಿಗೆ ಮಾಡುವವಳಿಗೆ ಮೇಲುನೋಟದ ಮೇಲೆ ನಂಬಿಕೆ ಕಡಿಮೆ. ಎಳೆ ಹೊರಗಿನಿಂದ ಒಣಗಿದ ಹಾಗೇ ಕಾಣುತ್ತದೆ. ಮುರಿದು ನೋಡಬೇಕು. ಲಟಕ್ಕೆಂದು ಮುರಿದರೆ ಒಣಗಿದೆ, ಬಾಗಿದರೆ ಒಳಗೆ ಹಸಿ. ತುಂಗಾಳ ಒಳ್ಳೆಯತನ ನನಗೆ ಬಾಗಿದ ಹಾಗೆ ಕಂಡಿತು. ಮನೆಯಲ್ಲಿ ಅವಳು ಹಳೆಯ ತುಂಗಾಳೇ. ತಟ್ಟೆ ತೊಳೆಯೆಂದರೆ ಕಿವಿ ಕೇಳಿಸದು, ಹಾಸಿಗೆ ಮಡಿಸೆಂದರೆ ಹೊಟ್ಟೆನೋವು. ಮನೆಯಲ್ಲಿ ಇಷ್ಟು ಸೋಮಾರಿಯಾದ ಮಗು ಶಾಲೆಯಲ್ಲಿ ದಿನಕ್ಕೆ ಆರು ಸಲ ಹೇಗೆ ಒಳ್ಳೆಯದಾಗುತ್ತದೆ? ಅವಳ ಚೀಲ ತಡಕಿದೆ. ಏನೂ ಸಿಗಲಿಲ್ಲ. ಟೀಚರಿಗೆ ಏನಾದರೂ ಕೊಡುತ್ತಿದ್ದಾಳೋ ಎಂದು ಡಬ್ಬಿಯ ಚಕ್ಕುಲಿ ಎಣಿಸಿದೆ. ಸರಿಯಾಗಿತ್ತು. ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು.

ಒಂದು ಸಂಜೆ ಬಚ್ಚಲಿನಲ್ಲಿ ಪಾತ್ರೆ ಉಜ್ಜುತ್ತಿದ್ದೆ. ಗೋಡೆಯಾಚೆ ಓಣಿಯಲ್ಲಿ ತುಂಗಾಳ ದನಿ, ಜೊತೆಗೆ ಇನ್ನೊಂದು ದನಿ. ಇನ್ನೊಂದು ಯಾರದೆಂದು ತಿಳಿದಾಗ ಕೈಯ ತೆಂಗಿನ ನಾರು ನಿಂತಿತು. ಎಲೆ ಸಾಕಮ್ಮನ ಮಗಳು ಹೊನ್ನಿ.

ಹೊನ್ನಿಯೆಂದರೆ ಶಾಲೆಯಲ್ಲೇ ಅತ್ಯಂತ ಕೆಟ್ಟ ಹುಡುಗಿ. ಇದು ನಾನು ಹೇಳುವುದಲ್ಲ, ಅವರ ಮನೆ ಹೇಳುತ್ತಿತ್ತು. ನಾಲ್ಕು ವರ್ಷದಿಂದ ಕಾಲುವೆ ಪಕ್ಕದ ಆ ತಗಡಿನ ಮನೆಯ ಮೇಲೆ ಒಂದು ಬೊಗಸೆ ಬಿಸಿಲೂ ಬಿದ್ದಿರಲಿಲ್ಲ. ಗೋಡೆಗೆಲ್ಲ ಪಾಚಿ. ಸಾಕಮ್ಮ ವೀಳ್ಯದೆಲೆ ಮಾರುವವಳು. ಅವಳ ಎಲೆ ಮೂರನೇ ದಿನಕ್ಕೂ ಆಗಷ್ಟೇ ಬಳ್ಳಿಯಿಂದ ಕಿತ್ತ ಹಾಗಿರುತ್ತಿತ್ತು. ಊರಿನವರು ಎಲೆ ಅಲ್ಲೇ ಕೊಳ್ಳುತ್ತಿದ್ದರು, ಮಾತು ಮಾತ್ರ ಬಾಗಿಲಾಚೆಗೇ ಮುಗಿಸುತ್ತಿದ್ದರು. ಅಷ್ಟು ಕತ್ತಲಾದ ಮನೆಯಲ್ಲಿ ಏನಿದೆಯೋ ಯಾರಿಗೆ ಗೊತ್ತು. ಆ ಹುಡುಗಿಯ ಜೊತೆ ಸೇರಬೇಡ ಎಂದು ತುಂಗಾಳಿಗೆ ಎಷ್ಟು ಸಲ ಹೇಳಿದ್ದೆನೋ.

ಗೋಡೆಗೆ ಕಿವಿಕೊಟ್ಟೆ.

"ನಾಳೆ ಪ್ರಾರ್ಥನೆ ಆದ್ಮೇಲೆ ನಾನು ಸಿದ್ದನ ಟೋಪಿ ಕಿತ್ಕೋತೀನಿ. ನೀನು ಇಸ್ಕೊಂಡು ಅವನಿಗೆ ಕೊಡು," ಎಂದಳು ಹೊನ್ನಿ.

"ಟೋಪಿ ಮೊನ್ನೆ ತಾನೇ ಆಯ್ತಲ್ಲೇ. ಟೀಚರ್‌ಗೆ ಡೌಟ್ ಬರುತ್ತೆ."

"ಹಂಗಾದ್ರೆ ನೀರಿನ ಕೊಡ ಒದೀತೀನಿ. ನೀನು ಒರ್ಸು."

"ಮೆತ್ತಗೆ ಒದಿ. ಹೋದ್ಸಲ ನನ್ನ ಲಂಗ ಎಲ್ಲ ನೆಂದಿತ್ತು."

"ಮೆತ್ತಗೆ ಒದ್ರೆ ಯಾರು ಬೈತಾರೆ ನನ್ನ?"

ಇಬ್ಬರೂ ನಕ್ಕರು. ಒಳಗೆ ಬಂದ ತುಂಗಾಳನ್ನು ಆಗಲೇ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾಳೆ, ಕಣ್ಣಾರೆ ನೋಡಿಬಿಡೋಣ ಎಂದುಕೊಂಡೆ.

ಮರುದಿನ ಶಾಲೆಯ ಬಿಸಿಯೂಟಕ್ಕೆ ಶಾವಿಗೆ ಕೊಡುವ ನೆಪದಲ್ಲಿ ಹೋಗಿ ಅಡುಗೆಮನೆಯ ಕಿಟಕಿಯ ಹಿಂದೆ ಕುಳಿತೆ. ಕೊಡ ಉರುಳಿದ್ದು, ತುಂಗಾ ಬಟ್ಟೆ ಹಿಡಿದು ಓಡಿದ್ದು, ವಿಶಾಲು ಟೀಚರ್ ಹೊನ್ನಿಯ ಕಿವಿ ಹಿಂಡಿ ತುಂಗಾಳ ತಲೆ ಸವರಿದ್ದು ಎಲ್ಲ ಮಾತಾಡಿಕೊಂಡ ಹಾಗೇ ನಡೆಯಿತು. ಎದ್ದು ಹೊರಡಬೇಕು, ಅಷ್ಟರಲ್ಲಿ ಅಂಗಳದಲ್ಲಿ ಒಂದನೇ ಕ್ಲಾಸಿನ ಪುಟ್ಟ ಹುಡುಗ ಮುಗ್ಗರಿಸಿ ಬಿದ್ದ. ಅಂಗಾಲು ಕಲ್ಲಿಗೆ ತಗುಲಿ ಕುಯ್ದಿತ್ತು. ಏಳೆಂಟು ಮಕ್ಕಳು ಓಡಿ ಬಂದು ಸುತ್ತ ನಿಂತರು. ಒಬ್ಬರೂ ಕೈ ಚಾಚಲಿಲ್ಲ.

"ಎತ್ಬೇಡ್ರೋ, ಟೀಚರ್ ಇನ್ನೂ ಬಂದಿಲ್ಲ."

"ಯಾರಾದ್ರೂ ಹೋಗಿ ಕರೀರಿ."

"ನೀನೇ ಹೋಗು. ನಾನು ಹೋದ್ರೆ ನನ್ನ ಜಾಗ ಹೋಗುತ್ತೆ."

ಬಿದ್ದ ಹುಡುಗನೂ ಏಳಲಿಲ್ಲ. ಅವನಿಗೂ ರೂಢಿ. "ಬೇಗ ಕರೀರಪ್ಪ, ಇರುವೆ ಕಚ್ತಾ ಇದೆ," ಎಂದ. ಟೀಚರ್ ಜಗುಲಿಗೆ ಬಂದದ್ದೇ ಆರು ಕೈಗಳು ಒಟ್ಟಿಗೆ ಅವನ ಮೇಲೆ ಬಿದ್ದವು. ಎಳೆದಾಟದಲ್ಲಿ ಅವನ ಅಂಗಿಯ ಗುಂಡಿ ಕಿತ್ತುಹೋಯಿತು. ಮೊದಲು ಮುಟ್ಟಿದ ಮೂವರಿಗೆ ಗೆರೆ. ಗಂಟೆ ಹೊಡೆಯಿತು, ಎಲ್ಲರೂ ಒಳಗೆ ಓಡಿದರು. ಗೆರೆ ಸಿಕ್ಕ ಮೇಲೆ ಆ ಕಾಲು ಯಾರಿಗೂ ಬೇಡವಾಗಿತ್ತು. ಹುಡುಗ ಕುಂಟುತ್ತ ಹೋಗಿ ಬೋರ್‌ವೆಲ್ ಪಂಪಿನ ಹಿಂದೆ ಕುಳಿತು ಅಳತೊಡಗಿದ.

ಆಗ ಹೊನ್ನಿ ಬಂದಳು. ಮೊದಲು ಆಚೀಚೆ ನೋಡಿದಳು, ಕಳ್ಳರು ನೋಡುವ ಹಾಗೆ. ಪಂಪು ಹೊಡೆದು ಅವನ ಕಾಲು ತೊಳೆದಳು. ಜಡೆಯ ಟೇಪು ಬಿಚ್ಚಿ ಗಾಯಕ್ಕೆ ಬಿಗಿದಳು. "ಯಾರಿಗಾದ್ರೂ ಹೇಳಿದ್ಯೋ, ಕಿವಿ ಕಿತ್ತು ಕೈಗೆ ಕೊಡ್ತೀನಿ," ಎಂದು ಅವನ ಕಣ್ಣೊರೆಸಿ, ಬೆನ್ನ ಮೇಲೆ ಹೊತ್ತು ಒಂದನೇ ಕ್ಲಾಸಿನ ಬಾಗಿಲವರೆಗೆ ಬಿಟ್ಟು ಬಂದಳು.

ನನ್ನ ಮಾಳಿಗೆಯ ಮೇಲೆ ಬೀಳುತ್ತಿರುವುದು ಈ ಹುಡುಗಿಯ ಬಿಸಿಲು! ನನ್ನ ಮಗಳು ಇವಳಿಂದ ಕೆಟ್ಟ ಕೆಲಸ ಮಾಡಿಸಿ ತಾನು ಒಳ್ಳೆಯವಳಾಗುತ್ತಿದ್ದಾಳೆ. ಅವಳ ಬಾಯಿ ಹೇಗೆ ಕಟ್ಟಿಹಾಕಿದ್ದಾಳೋ, ಯಾವ ಹೆದರಿಕೆ ಹಾಕಿದ್ದಾಳೋ. ನನಗೆ ಇಷ್ಟೇ ಹೊಳೆದದ್ದು. ನೇರ ಹೆಡ್‌ಮೇಷ್ಟರ ಕೋಣೆಗೆ ಹೋದೆ.

ಚಿದಂಬರಯ್ಯ ಮೇಷ್ಟರು ಬಿಸಿಲ ಹಲಗೆಯ ಪದ್ಧತಿಯನ್ನು ಇಪ್ಪತ್ತು ವರ್ಷದಿಂದ ನಡೆಸಿಕೊಂಡು ಬಂದವರು. ನಾನು ತುಂಗಾಳ ವಿಷಯ ಬಾಯಿ ಬಿಡಲಿಲ್ಲ, ಹೊನ್ನಿ ಮಾಡಿದ್ದನ್ನಷ್ಟೇ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನೋಡಿದ್ರಾ ಅಂಬಕ್ಕ? ನಾಲ್ಕು ವರ್ಷ ಕಾಯ್ದಿದೀನಿ ಈ ಮಗೂಗೆ. ಪದ್ಧತಿ ಕಲ್ಲನ್ನೂ ಕರಗಿಸುತ್ತೆ."

"ಅವಳಿಗೆ ಸಲ್ಲಬೇಕಾದ್ದು ಸಲ್ಲಲಿ ಮೇಷ್ಟ್ರೇ. ಅಷ್ಟೇ ನಂದು."

"ಸಲ್ಲುತ್ತೆ. ತೊಳೆದದ್ದೊಂದು, ಕಟ್ಟಿದ್ದೊಂದು, ಎರಡು ಕೆಲಸ. ಹೊರಗಿನ ದೊಡ್ಡವರ ಸಾಕ್ಷಿಗೆ ನಾಲ್ಕು ಪಟ್ಟು. ಎಂಟು ಗೆರೆ."

ಆ ಸಂಜೆ ಹಲಗೆಯ ಮೇಲೆ ಎಂಟು ಗೆರೆ ಎಳೆದಾಗ ಹೊನ್ನಿ ಬಿಕ್ಕಿ ಬಿಕ್ಕಿ ಅತ್ತಳಂತೆ. ಸಂತೋಷಕ್ಕೆ ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ತುಂಗಾ ಮನೆಗೆ ಬಂದು ಚೀಲ ಎಸೆದು ಗೋಡೆಗೆ ಮುಖ ಮಾಡಿ ಮಲಗಿದಳು. ಸಿಕ್ಕಿಬಿದ್ದೆ ಎಂಬ ಭಯ, ಇರಲಿ, ಬುದ್ಧಿ ಬರುತ್ತದೆ ಎಂದು ನಾನು ಮಾತಾಡಿಸಲಿಲ್ಲ.

ಮರುದಿನ ನನ್ನ ಮಾಳಿಗೆಯಿಂದ ಸಾಕಮ್ಮನ ಮನೆ ನೋಡಿದೆ. ತಗಡಿನ ಮೇಲೆ ಬಿಸಿಲು ಕಣ್ಣು ಕುಕ್ಕುವ ಹಾಗೆ ನಿಂತಿತ್ತು. ನಾಲ್ಕು ಗಂಟೆ ಹೊತ್ತು ನಿಂತಿತ್ತು. ಒಳ್ಳೆಯ ಕೆಲಸ ಮಾಡಿದೆ ಎಂದು ಎರಡನೇ ಲೋಟ ಚಹಾ ಕುಡಿದೆ.

ಮಧ್ಯಾಹ್ನ ಸಾಕಮ್ಮ ಬಂದಳು. ಒಳಗೆ ಕರೆದರೂ ಬರಲಿಲ್ಲ, ಹೊಸಿಲಾಚೆ ನಿಂತಳು. ಕೈಯಲ್ಲಿ ಒದ್ದೆ ಗೋಣಿತಟ್ಟಿನ ಗಂಟು.

"ಸಾಕ್ಷಿ ಹೇಳಿದ್ದು ನೀವೇ ಅಂತಲ್ಲ ಅಂಬಕ್ಕ?"

"ಹೌದು ಸಾಕಮ್ಮ. ನಿನ್ನ ಮಗಳು ಬಂಗಾರ ಕಣೆ."

"ಅದು ನನಗೆ ಗೊತ್ತಿಲ್ವಾ?"

ಗಂಟು ಬಿಚ್ಚಿದಳು. ವೀಳ್ಯದೆಲೆ ಬೇಯಿಸಿದ ಸೊಪ್ಪಿನ ಹಾಗೆ ಕುಗ್ಗಿ, ಹಳದಿ ನೀರು ಬಿಟ್ಟು, ಒಂದಕ್ಕೊಂದು ಅಂಟಿಕೊಂಡಿತ್ತು. ಆ ವಾಸನೆಗೆ ಮೂಗು ಮುಚ್ಚಿಕೊಂಡೆ.

"ತಗಡಿನ ಮನೆ. ನಾಲ್ಕು ಗಂಟೆ ಬಿಸಿಲು. ಐದು ಬುಟ್ಟಿ ಹಿಂಗಾಯ್ತು. ಮದುವೆ ಮನೆಗೆ ಒಪ್ಪಿಕೊಂಡಿದ್ದೆ."

ಬಿಸಿಲು ಬೇಡವಾದ ಮನೆಯೊಂದು ಊರಿನಲ್ಲಿ ಇರಬಹುದೆಂದು, ಬಿಸಿಲಿಗಾಗಿ ಬಾಯಿಬಿಡುವ ನನಗೆ ಒಂದು ದಿನವೂ ಹೊಳೆದಿರಲಿಲ್ಲ.

"ನಾಲ್ಕು ವರ್ಷದಿಂದ ನನ್ನ ಮಗಳು ಎಷ್ಟು ಕಷ್ಟಪಟ್ಟು ಕೆಟ್ಟೋಳು ಅನ್ನಿಸ್ಕೊಂಡಿದಾಳೆ ಗೊತ್ತಾ ನಿಮಗೆ?" ಎಂದಳು ಸಾಕಮ್ಮ. ದನಿ ಏರಿಸಲಿಲ್ಲ. "ಸುಮ್ನೆ ಕೂತ್ರೂ ಬಿಡಲ್ಲ ಕಣ್ರೀ ಅವರು. ಗಲಾಟೆ ಮಾಡ್ಲಿಲ್ಲ ಅಂತ ಒಂದು ಗೆರೆ, ಬೆನ್ನು ನೆಟ್ಟಗಿತ್ತು ಅಂತ ಒಂದು. ಅದನ್ನ ಅಳಿಸೋ ಹಂಗೆ ದಿನಾ ಏನಾದ್ರೂ ಮಾಡ್ಬೇಕು. ಲೆಕ್ಕದಲ್ಲಿ ಎಷ್ಟು ಜಾಣೆ ಅಂತೀರಿ. ಶಾಲೇಲಿ ಬೇಕಂತ ತಪ್ಪು ಬರೀತಾಳೆ. ಸಂಜೆ ಎಲೆ ಜೋಡಿಸ್ತಾ ಸರಿ ಉತ್ತರ ನನಗೆ ಹೇಳ್ತಾಳೆ. ನನಗೇನು ಅರ್ಥ ಆಗುತ್ತೆ, ಹೂಂ ಅಂತೀನಿ."

"ಮೇಷ್ಟ್ರಿಗೆ ಹೇಳ್ಬಾರ್ದಿತ್ತೇನೆ, ಗೆರೆ ಬೇಡ ಅಂತ?"

"ಹೇಳಿದ್ದೆ. ಬಿಸಿಲು ಬೇಡ ಅನ್ನೋರು ಮನೇಲಿ ಏನೋ ಬಚ್ಚಿಟ್ಟಿರ್ತಾರೆ ಅಂದ್ರು. ಮಾರನೇ ದಿನ ಇಬ್ರು ಬಂದು ಮನೆಯೆಲ್ಲ ಕೆದಕಿ ಹೋದ್ರು. ನೀವೂ ಹಂಗೇ ಅಂದ್ಕೊಂಡಿದ್ರಿ ತಾನೆ?"

ನಾನು ಬಗ್ಗಿ ಗೋಣಿತಟ್ಟಿನ ಗಂಟನ್ನು ಮತ್ತೆ ಕಟ್ಟತೊಡಗಿದೆ.

ಸಂಜೆ ಶಾಲೆಯಿಂದ ಬಂದು ಮತ್ತೆ ಮಲಗಿದ್ದ ತುಂಗಾಳ ಪಕ್ಕ ಕುಳಿತೆ. "ಮೊದ್ಲೇ ಯಾಕೆ ಹೇಳ್ಲಿಲ್ವೇ?" ಎಂದೆ.

"ನೀನು ಕೇಳ್ಲೇ ಇಲ್ಲ. ಚಕ್ಕುಲಿ ಎಣಿಸ್ದೆ."

"ಅದೂ ಗೊತ್ತಾ ನಿನಗೆ?"

"ಡಬ್ಬಿ ಮುಚ್ಚಳ ನೀನು ಓರೆಯಾಗಿ ಮುಚ್ಚಿದ್ದೆ." ಅವಳು ಎದ್ದು ಕುಳಿತಳು. "ಅವಳಿಗೆ ಬೇಡ, ನಮಗೆ ಬೇಕು. ಅವಳು ಕೆಡಿಸ್ತಿದ್ಲು, ನಾನು ಸರಿ ಮಾಡ್ತಿದ್ದೆ. ಇದ್ರಲ್ಲಿ ಯಾರಿಗೆ ನಷ್ಟ ಆಗ್ತಿತ್ತು, ಹೇಳು?"

ಯೋಚಿಸಿದೆ. ಈಗಲೂ ಯೋಚಿಸುತ್ತಿದ್ದೇನೆ.

ಕೆಟ್ಟದ್ದು ಅಲ್ಲಿಗೆ ನಿಲ್ಲಲಿಲ್ಲ. ಚಿದಂಬರಯ್ಯ ಮೇಷ್ಟರಿಗೆ ಹೊನ್ನಿಯೆಂದರೆ ಈಗ ಕಣ್ಮಣಿ. ಅವಳನ್ನು ಕ್ಲಾಸ್ ಲೀಡರ್ ಮಾಡಿದರು. ಪ್ರಾರ್ಥನೆಯಲ್ಲಿ ಎದುರು ನಿಲ್ಲಿಸಿ, ಬದಲಾದ ಮಗು ಎಂದರೆ ಹೀಗಿರಬೇಕು ಎಂದರು. ಅವಳು ಕೊಡ ಒದ್ದರೆ, ಪಾಪ, ಕಾಲು ಜಾರಿತು ಎಂದರು. ಟೋಪಿ ಕಿತ್ತರೆ, ತಮಾಷೆ ಎಂದರು. ದಿನಕ್ಕೆ ನಾಲ್ಕು ಗೆರೆ ಖಾಯಂ. ಸಾಕಮ್ಮ ಉಳಿದ ಬುಟ್ಟಿಗಳನ್ನು ಕಾಲುವೆಯ ಮೋರಿಯ ಕೆಳಗಿಟ್ಟಳು. ಅಲ್ಲಿ ಹೆಗ್ಗಣ. ನಮ್ಮ ಮನೆಯ ಒಳಕೋಣೆಯಲ್ಲಿಡು ಎಂದೆ. ನಿಮ್ಮ ಮನೆಯ ಮೇಲೂ ಬಿಸಿಲಿದೆಯಲ್ಲ ಎಂದು ಅವಳು ನನ್ನ ಮುಖವನ್ನೇ ನೋಡಿದಳು.

ಐದನೇ ದಿನ ಸಂಜೆ, ಶಾಲೆ ಬಿಡುವ ಹೊತ್ತಿಗೆ, ಎಲ್ಲರ ಎದುರಿಗೆ ಹೊನ್ನಿ ಮೇಜು ಹತ್ತಿ ಒದ್ದೆ ಬಟ್ಟೆಯಿಂದ ಬಿಸಿಲ ಹಲಗೆ ಒರೆಸಿಬಿಟ್ಟಳು. ತನ್ನ ಗೆರೆಯಷ್ಟೇ ಅಲ್ಲ. ಇನ್ನೂರು ಮಕ್ಕಳ ಹೆಸರು, ಗೆರೆ, ಎಲ್ಲ.

ಮರುದಿನ ಊರಿಗೆ ಬಿಸಿಲೇ ಇಲ್ಲ. ಸೋಮವಾರದ ಮಂಕಿಗೆ ಎಲ್ಲರೂ ಸಿದ್ಧರಿರುತ್ತಾರೆ. ಇದು ಗುರುವಾರ. ಒಗೆದ ಬಟ್ಟೆಯ ರಾಶಿ, ಹರವಿದ ಹಪ್ಪಳ, ಎಣ್ಣೆ ಹಚ್ಚಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಅಂಗಳದಲ್ಲಿ ಕಾದ ಬಾಣಂತಿ. ರಂಗಜ್ಜಿ ನಮ್ಮ ಜಗುಲಿಯ ಮೇಲೆ ಕಂಬಳಿ ಹೊದ್ದು ಕುಳಿತು, "ಆ ಹುಡುಗೀನ ಕಾಲುವೆಗೆ ಎಸೀಬೇಕು," ಎಂದಳು. ನನ್ನ ಗಳಗಳಿಂದ ಹುಳಿ ವಾಸನೆ ಏಳುತ್ತಿತ್ತು. ಮಧ್ಯಾಹ್ನಕ್ಕೆ ಹೆತ್ತವರೆಲ್ಲ ಶಾಲೆಯಲ್ಲಿ ಸೇರಬೇಕೆಂದು ಹೇಳಿ ಕಳಿಸಿದರು.

ಹೊನ್ನಿಯನ್ನು ಖಾಲಿ ಹಲಗೆಯ ಪಕ್ಕ ನಿಲ್ಲಿಸಿದ್ದರು. ಟೇಪಿಲ್ಲದ ಒಂದು ಜಡೆ ಬಿಚ್ಚಿಕೊಂಡಿತ್ತು. ಸಾಕಮ್ಮ ಬಾಗಿಲ ಬಳಿ ನೆಲದ ಮೇಲೆ ಕುಳಿತಿದ್ದಳು. ಮೇಜಿನ ಮೇಲೆ ಟೀಸಿ ಬರೆದಿಟ್ಟಿತ್ತು, ಮೇಷ್ಟರ ರುಜು ಒಂದು ಬಾಕಿ.

"ಕೆಟ್ಟ ಮಕ್ಕಳನ್ನ ಈ ಶಾಲೆ ಯಾವತ್ತೂ ಹೊರಗೆ ಹಾಕಿಲ್ಲ," ಎಂದರು ಚಿದಂಬರಯ್ಯ. "ಬಿಸಿಲು ಕಾಣದ ಮಗು ಕೆಟ್ಟದಾಗಿರುತ್ತೆ, ಅದು ಸಹಜ. ಆದ್ರೆ ಬಿಸಿಲು ಉಂಡ ಮಗು ಮತ್ತೆ ಕೆಟ್ಟರೆ? ಅಂಥ ಮಗು ಇಲ್ಲಿದ್ರೆ ನಾಳೆ ಯಾರು ಗೆರೆಗೆ ಬೆಲೆ ಕೊಡ್ತಾರೆ? ಈ ಊರಿಗೆ ಇರೋದೊಂದೇ ಶಾಲೆ, ನನಗೂ ಗೊತ್ತು. ಏನ್ಮಾಡ್ಲಿ?"

ಹೊನ್ನಿ ಅಳಲಿಲ್ಲ. "ಸಾ, ಏಳನೇ ಕ್ಲಾಸಿನವರೆಗಾದ್ರೂ ಕೂರ್ತೀನಿ ಸಾ. ಹೊರಗೇ ಕೂರಿಸಿ. ಕಿಟಕಿಯಿಂದ ಬರ್ಕೋತೀನಿ," ಎಂದಳು.

"ಹೊರಗೆ ಕೂತ್ರೂ ಹೆಸರು ರಿಜಿಸ್ಟರಲ್ಲೇ ಇರುತ್ತಲ್ಲಮ್ಮ," ಎಂದರು ಮೇಷ್ಟರು, ಪೆನ್ನಿನ ಮುಚ್ಚಳ ತೆಗೆದರು.

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಎಳೆ ಮುರಿಯುತ್ತದೋ ಬಾಗುತ್ತದೋ ಎಂದು ನೋಡುವ ಹಾಗೆ. ಆ ಮನುಷ್ಯನಿಗೆ ಹೊನ್ನಿಯ ಮೇಲೆ ಸಿಟ್ಟಿರಲಿಲ್ಲ. ಭಯವಿತ್ತು. ಇಪ್ಪತ್ತು ವರ್ಷದ ಹಲಗೆ ಒಂದು ಮಗುವಿನ ಮುಂದೆ ಸೋತಿತೆಂದು ಊರು ಆಡಿಕೊಳ್ಳುವ ಭಯ. ಅವಳು ಆ ಬಿಸಿಲನ್ನು ಗಳಿಸಿಯೇ ಇರಲಿಲ್ಲವೆಂದಾದರೆ ಸೋಲೂ ಇಲ್ಲ. ಎಲೆಯ ವಿಷಯ ಹೇಳಿ ಉಪಯೋಗವಿಲ್ಲ, ಸಾಕಮ್ಮ ಅದನ್ನು ಹೇಳಿ ನೋಡಿದ್ದಾಳೆ. ಉಳಿದದ್ದು ಒಂದೇ ದಾರಿ. ಅದರ ಬೆಲೆ ಏನೆಂದು ನನಗೆ ಗೊತ್ತಿತ್ತು. ಸುಳ್ಳು ಸಾಕ್ಷಿ ಹೇಳಿದವರ ಮಗುವಿಗೆ ವರ್ಷ ಮುಗಿಯುವವರೆಗೆ ಗೆರೆಯಿಲ್ಲ. ಆ ನಿಯಮ ಹಲಗೆಯ ಮೇಲಂಚಿನಲ್ಲಿ ಬಣ್ಣದಲ್ಲಿ ಬರೆದಿದ್ದರಿಂದ ಹೊನ್ನಿಯ ಒದ್ದೆ ಬಟ್ಟೆಗೆ ಅಳಿಸಿರಲಿಲ್ಲ. ಇನ್ನೂ ಐದು ತಿಂಗಳು. ತುಂಗಾಳನ್ನು ನೋಡಿದೆ. ಅವಳು ಕಿಟಕಿಯಾಚೆ ನಿಂತು ಹೊನ್ನಿಯನ್ನೇ ನೋಡುತ್ತಿದ್ದಳು.

ಎದ್ದು ನಿಂತೆ. "ಮೇಷ್ಟ್ರೇ, ನಾನು ಹೇಳಿದ್ದು ಸುಳ್ಳು."

"ಯಾವುದು?"

"ಅವಳು ಕಾಲು ತೊಳೆದದ್ದು, ಕಟ್ಟಿದ್ದು. ನಾನು ನೋಡಿಲ್ಲ."

ಯಾರೋ "ಅಯ್ಯೋ ಶಿವನೇ" ಎಂದರು. ಮೇಷ್ಟರ ಪೆನ್ನು ನಿಂತಿತು. "ಯಾಕೆ ಹೇಳಿದ್ರಿ ಹಂಗೆ?"

"ನನ್ನ ಮಗಳ ಮೇಲೆ ಅನುಮಾನ ಇತ್ತು. ಇಷ್ಟು ಗೆರೆ ಎಲ್ಲಿಂದ ತರ್ತಾಳೆ ಅಂತ. ಅವಳ ಸೊಕ್ಕು ಮುರೀಬೇಕು ಅಂತ ಇನ್ನೊಬ್ಬಳನ್ನ ಮೇಲೆತ್ತಿದೆ." ಮುಕ್ಕಾಲು ಪಾಲು ನಿಜವೇ ಆದ್ದರಿಂದ ತಡವರಿಸದೆ ಹೇಳಿದೆ.

ಚಿದಂಬರಯ್ಯ ನನ್ನನ್ನು ಬಹಳ ಹೊತ್ತು ನೋಡಿದರು. ಅವರು ಆ ಪುಟ್ಟ ಹುಡುಗನನ್ನು ಕರೆಸಿ ಕೇಳಬಹುದಿತ್ತು. ಮೂರು ಬಾಗಿಲಾಚೆಯೇ ಕುಳಿತಿದ್ದ, ಅವನ ಕಾಲಿನಲ್ಲಿ ಹೊನ್ನಿಯ ಜಡೆಯ ಟೇಪು ಇನ್ನೂ ಹಾಗೇ ಇತ್ತು, ನಾನೇ ಬರುವಾಗ ನೋಡಿದ್ದೆ. ಮೇಷ್ಟರು ಕರೆಸಲಿಲ್ಲ. ಅವರ ಹಣೆಯ ಗಂಟು ಮೆಲ್ಲಗೆ ಸಡಿಲಾಯಿತು. ಆ ಕ್ಷಣ ನನಗೆ ಗೊತ್ತಾಯಿತು, ಅವರಿಗೂ ಗೊತ್ತಿದೆ. ಯಾವಾಗಿನಿಂದ ಗೊತ್ತಿದೆ, ಎಷ್ಟು ಗೊತ್ತಿದೆ ಎಂಬುದು ಮಾತ್ರ ನನಗೆ ಇವತ್ತಿಗೂ ತಿಳಿದಿಲ್ಲ.

"ಹಾಗಾದ್ರೆ ಪದ್ಧತಿ ಸೋತಿಲ್ಲ," ಎಂದರು, ಸಭೆಯ ಕಡೆ ತಿರುಗಿ. "ನೋಡಿ. ತನಗೆ ಸಲ್ಲದ ಗೆರೆ ಹೊರಲಾರದೆ ಆ ಮಗು ಹಲಗೆಯನ್ನೇ ಒರೆಸಿದೆ. ಸುಳ್ಳು ಗೆರೆ ಯಾರಿಗೂ ದಕ್ಕಲ್ಲ. ಇದೂ ಪದ್ಧತಿಯದೇ ಗೆಲುವು." ಕೆಲವರು ತಲೆಯಾಡಿಸಿದರು. ಒಬ್ಬಿಬ್ಬರು ಚಪ್ಪಾಳೆ ಕೂಡ ತಟ್ಟಿದರು. ಆಮೇಲೆ ನನ್ನ ಕಡೆ ಬೆರಳು ತೋರಿಸಿ ನಿಯಮ ಓದಿದರು. ಲೀಡರ್ ಪಟ್ಟ ಹೊನ್ನಿಯಿಂದ ಹೋಯಿತು. ಟೀಸಿಯನ್ನು ಹರಿಯಲಿಲ್ಲ. ಎರಡು ಮಡಿಕೆ ಮಾಡಿ ಡ್ರಾಯರಿನೊಳಗೆ ಹಾಕಿ ಬೀಗ ತಿರುವಿದರು. ಆ ಬೀಗದ ಸದ್ದು ನನಗೆ ಹಿಡಿಸಲಿಲ್ಲ.

ಹೊರಗೆ ಬಂದಾಗ ಜನ ದಾರಿ ಬಿಟ್ಟು ನಿಂತರು, ಸಾಕಮ್ಮನಿಗೆ ಇಷ್ಟು ದಿನ ಬಿಡುತ್ತಿದ್ದ ಹಾಗೆ. ರಂಗಜ್ಜಿ ಮರುದಿನದಿಂದ ನಮ್ಮ ಜಗುಲಿ ಬಿಟ್ಟು ನಾಲ್ಕು ಮನೆ ಆಚೆ ಹೋದಳು. "ನಿನ್ನ ಮೇಲೆ ಸಿಟ್ಟೇನಿಲ್ವೇ, ಬಿಸಿಲು ಇರೋ ಕಡೆ ಮಂಡಿ ಹೋಗುತ್ತೆ," ಎಂದಳು. ನನ್ನ ಮಾಳಿಗೆ ಈಗ ಸ್ಲೇಟಿನ ಬಣ್ಣ. ಶಾವಿಗೆ ಮತ್ತೆ ಒಲೆಯ ಮೇಲಕ್ಕೆ ಏರಿತು. ಮಾಲು ಅರ್ಧಕ್ಕಿಳಿಸಿದ್ದೇನೆ, ಬೆಳಗಿನ ನಾಲ್ಕರ ಬದಲು ಮೂರಕ್ಕೆ ಏಳುತ್ತೇನೆ, ಹೊಗೆಗೆ ಕಣ್ಣು ಉರಿಯುತ್ತದೆ. ತುಂಗಾ ಎರಡು ದಿನ ಮಾತು ಬಿಟ್ಟಿದ್ದಳು. ಮೂರನೇ ದಿನ ಬೆಳಿಗ್ಗೆ ಕರೆಯದೆ ಎದ್ದು ಬಂದು ಗಳದ ಇನ್ನೊಂದು ತುದಿ ಹಿಡಿದಳು. ಅಂದಿನಿಂದ ದಿನಾ ಹಿಡಿಯುತ್ತಿದ್ದಾಳೆ. ಗೆರೆಯಿಲ್ಲ, ನೋಡುವವರ್ಯಾರೂ ಇಲ್ಲ. ಯಾಕೆ ಹಿಡಿಯುತ್ತಾಳೆ ಎಂದು ನನಗಿನ್ನೂ ಅನುಮಾನವೇ.

ಆದರೆ ಮೇಷ್ಟರು ಹೊನ್ನಿಯ ಮೇಲಿಟ್ಟ ಕಣ್ಣು ತೆಗೆದಿರಲಿಲ್ಲ. ವಾರ ಕಳೆದು ಬಿಸಿಯೂಟಕ್ಕೆ ಶಾವಿಗೆ ಕೊಡಲು ಹೋದಾಗ ಅವರು ಜಗುಲಿಯಲ್ಲಿ ನಿಂತಿದ್ದರು, ಕೈಯಲ್ಲಿ ಸೀಮೆಸುಣ್ಣ. ಅಂಗಳದಲ್ಲಿ ಹೊನ್ನಿ ಒಬ್ಬಳೇ, ಬೆನ್ನು ನೆಟ್ಟಗೆ ಮಾಡಿಕೊಂಡು, ಪುಸ್ತಕ ಓದುತ್ತ ಮೈಮರೆತಿದ್ದಳು. ನನ್ನ ಹೆಜ್ಜೆ ಸದ್ದಿಗೆ ತಲೆಯೆತ್ತಿದಳು. ನನ್ನನ್ನು ನೋಡಿದಳು, ಮೇಷ್ಟರನ್ನು ನೋಡಿದಳು, ಸೀಮೆಸುಣ್ಣ ನೋಡಿದಳು. ಪುಸ್ತಕ ಕೆಳಗಿಟ್ಟು ಬಂದವಳೇ ನನ್ನ ಬುಟ್ಟಿಗೆ ಕೈಹಾಕಿ ಒಂದು ಹಿಡಿ ಶಾವಿಗೆ ಕಿತ್ತು, "ಥೂ, ಹೊಗೆ ನಾತ!" ಎಂದು ನನ್ನ ಕಾಲ ಬಳಿ ಎಸೆದು ಗೇಟಿನ ಕಡೆ ಓಡಿದಳು.

ಮೇಷ್ಟರು ನನ್ನ ಕಡೆ ನೋಡಿದರು.

ಬುಟ್ಟಿ ಇಳಿಸಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. "ಏಯ್ ಕತ್ತೆ! ಹಾಳು ಮುಂಡೇದೇ! ಅನ್ನ ತುಳಿಯೋಳೇ, ನಿನ್ನ ಕೈ ಸೇದಿ ಹೋಗ! ನಿಮ್ಮವ್ವ ಏನು ಕಲಿಸಿದಾಳೆ ನಿನಗೆ? ನಿನ್ನಂಥ ಕೆಟ್ಟ ಹುಡುಗಿ ಈ ಊರಲ್ಲೇ ಇಲ್ಲ ಕಣೇ!" ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ಮೇಷ್ಟರು ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು ಒಳಗೆ ತಿರುಗಿದರು.

ಗೇಟಿನ ಬಳಿ ಹೊನ್ನಿ ಓಟ ನಿಲ್ಲಿಸಿ ಹಿಂತಿರುಗಿ ನೋಡಿದಳು. ಮೇಷ್ಟರು ಇನ್ನೂ ಬಾಗಿಲು ದಾಟಿರಲಿಲ್ಲ. ಹೊನ್ನಿ ಗದ್ದವನ್ನು ಸ್ವಲ್ಪ ಮೇಲೆತ್ತಿದಳು, ಇಷ್ಟೇನಾ ಎನ್ನುವ ಹಾಗೆ.

ನಾನು ಉಸಿರು ತುಂಬಿಕೊಂಡು ಇನ್ನೂ ಜೋರಾಗಿ ಬೈಯತೊಡಗಿದೆ.